ಐದು ಖೋಲಿಗೆ ಒಂದು ನಾಯಿ

ಮಂದಿ ನಾಯಿ ಸಾಕತಾರ ಅಂತ ಹೇಳತಾರ. ನಾ ಒಪ್ಪೂದಿಲ್ಲ. ನಾ ಕಂಡಂಗ ನಾಯೀನ ಮಂದೀನ್ನ ಸಾಕತೈತಿ, ಮ್ಯಾಲ ಬೈಸಿಕೊಳ್ಳತೈತಿ. ಗೋವಾದ ನಮ್ಮ ಕೊರ್ಲಿಮ್ ಚಾಳಿನ್ಯಾಗ ಇಂಥಾ ಪ್ರಸಂಗ ವಾರಕ್ಕೊಂದು ಆಗತಿದ್ದವು, ಒಂದಕ್ಕೂ ನ್ಯಾಯ ಸಿಗತಿರಲಿಲ್ಲ. ನಾ ಎರಡನೇ ಇಯತ್ತೆ ತನಕ ಅಷ್ಟ ಕಲತಾಕಿ, ಕೋರ್ಟಿಗೆ ಅರ್ಜಿ ಬರಿಯಾಕ ಬರೂದಿಲ್ಲ. ಅದಕ್ಕ ಇಲ್ಲೇ ಬರದು ಹೊಟ್ಟ್ಯಾನ ಸಿಟ್ಟು ಇಳಿಸಿಕೊಳ್ಳಾಕತ್ತೇನಿ.

ಚಾಳು ಅಂದ್ರ ಮಾಲಕಿಣಿ ಬಂಗಲೆ ಹಿಂದ ಸಾಲಾಗಿ ಐದು ಖೋಲಿ, ಮ್ಯಾಲ ಹಂಚು, ಮುಂದ ಒಂದು ಬಾವಿ. ಇದ್ದವರೆಲ್ಲಾ ನಮ್ಮ ಕಡಿಯವರ. ನನ್ನ ಎಡಕ್ಕ ಗೌಂಡಿ, ಬದಾಮಿ ಕಡಿಯಾಂವ. ಬಲಕ್ಕ ಟ್ರಕ್ ಡ್ರೈವರ, ವಿಜಾಪುರ ಕಡಿಯ ಸಾಬರಾಂವ. ವಾರವೆಲ್ಲಾ ಉಸಗಾಂವದಾಗ ಗಣಿ ಮಣ್ಣು ಹೊತ್ತು ರವಿವಾರಕ್ಕೊಮ್ಮೆ ಮನಿ ಕಾಣತಿದ್ದ. ಅವನ ಹೆಂಡತಿ ಇಲ್ಲೇ ಫ್ಯಾಕ್ಟರಿಯೊಳಗ ಡಬ್ಬಿ ತುಂಬತಿದ್ಲು. ನಾ ಮಾಲಕಿಣಿ ಮನ್ಯಾಗ ಭಾಂಡಿ ತಿಕ್ಕಾಕಿ. ಉಳದ ಎರಡು ಖೋಲಿಯವರು ಮಾತಾಡುವಂಥಾ ಕೆಲಸ ಒಂದೂ ಮಾಡಲಿಲ್ಲ, ಅವರ ಸುದ್ದಿ ಬ್ಯಾಡ ಬಿಡ್ರಿ.

ಕರಿಯಾ ಒಂದು ಮಳಿಗಾಲದಾಗ ನನ್ನ ಬಾಗಲಕ್ಕ ಬಂದು ಕುಂತಿತು. ಮೈಯೆಲ್ಲಾ ಕರೇದು, ಒಂದು ಕಿವಿ ನೆಟ್ಟಗ, ಒಂದು ಜೋತು. ಅರ್ಧ ರೊಟ್ಟಿ ಹಾಕಿದೆ. ನಾ ಮಾಡಿದ ತಪ್ಪು ಅಷ್ಟ. ಎರಡು ವರ್ಷ ಆದ ಮ್ಯಾಲ, ಒಂದು ಮೇ ತಿಂಗಳದಾಗ, ಅದ ಕರಿಯಾ ಚಾಳ ಬಿಡಬೇಕು ಇಲ್ಲಾಂದ್ರ ನಾ ಖೋಲಿ ಬಿಡಬೇಕು ಅಂತ ಮಾಲಕಿಣಿ ಹುಕುಂ ಮಾಡಿದ್ಲು. ಆ ಮಟಾ ಹೆಂಗ ಬಂತು, ಯಾರ್ಯಾರು ಅದರ ಉಪಕಾರ ತಿಂದು ಬಾಯಿ ಒರಸಿಕೊಂಡ್ರು, ಒಂದೊಂದ ಹೇಳತೇನಿ ಕೇಳ್ರಿ.

೧. ಮುಂಜಾನಿ ನಮ್ಮದು, ಸಂಜೀಕ ನಿಂದು

ಒಂದು ಮುಂಜಾನಿ ಗೌಂಡಿ ಟಾವೆಲ್ ಸುತಗೊಂಡು ಜಳಕದ ಖೋಲಿಗೆ ಹೊಂಟಿದ್ದ. ಕರಿಯಾ ಬಾಗಲಕ್ಕ ಅಡ್ಡ ನಿಂತು ಬೊಗಳಾಕ ಶುರು ಮಾಡಿತು. "ಸರಿಯೋ ಹಲ್ಕಾ" ಅಂತ ಗೌಂಡಿ ಚಂಬು ಎತ್ತಿದ. ಅದು ಸರೀಲಿಲ್ಲ. ಟಾವೆಲ್ಲಿನ ಚುಂಗು ಬಾಯಾಗ ಹಿಡದು ಹಿಂದಕ್ಕ ಜಗ್ಗಿತು. ಟಾವೆಲ್ ನಾಯಿ ಕಡೆ ಹೋತು, ಗೌಂಡಿ ಎರಡೂ ಕೈಲೆ ಮಾನಾ ಮುಚಗೊಂಡು ಖೋಲಿ ಕಡೆ ಓಡಿದ. ನಾವು ಹೆಣ್ಣಮಕ್ಕಳು ಮಾರಿ ತಿರುಗಿಸಿಕೊಂಡ್ವಿ. ನಾ ಜರಾ ತಡಾ ಮಾಡಿ ತಿರುಗಿಸಿಕೊಂಡೆ. ಆಮ್ಯಾಲ ಒಳಗ ಇಣಕಿ ನೋಡಿದ್ರ ಬಕೀಟಿನ ಹಿಂದ ಮಾರುದ್ದ ನಾಗರಹಾವು ಸುತ್ತಿ ಮಲಗೇತಿ!

ಆ ದಿನಾ ಗೌಂಡಿ ಕೆಲಸಕ್ಕ ಹೋಗಲಿಲ್ಲ. ಹಾದಿ ಮ್ಯಾಲ ಹೋಗವರನ್ನೆಲ್ಲಾ ನಿಲ್ಲಿಸಿ ಹೇಳಿದ. "ನಮ್ಮ ನಾಯಿರಿ! ನನ್ನ ಜೀವಾ ಉಳಿಸಿದ್ದು. ನಮ್ಮ ನಾಯಿ ಅಂದ್ರ ನಮ್ಮ ನಾಯಿ!" ಮಧ್ಯಾಹ್ನ ಅದಕ್ಕ ಬಂಗಡೆ ಮೀನಿನ ತಲಿ ಹಾಕಿ ಬೆನ್ನ ಸವರಿದ.

ಸಂಜೀಕ ಅದ ಕರಿಯಾ ಅವನ ಹೊಸಾ ಚಪ್ಲಿ ಕಡದು ಇಟ್ಟಿತ್ತು.

"ಏ ಆಯಿ! ನಿನ್ನ ನಾಯಿ ಏನ ಮಾಡೇತಿ ನೋಡ ಬಾ!"

ನನಗ ಮೈಯೆಲ್ಲಾ ಉರೀತು. "ಯಾಕೋ? ಮುಂಜಾನಿ ನಿಂದಿತ್ತು, ಸಂಜೀಕ ನಂದು ಹೆಂಗಾತು? ನಡುವ ಎಲ್ಲೆರ ಸೋಡಚೀಟಿ ಬರಕೊಟ್ಟೀ ಏನು?"

ಅವ ಹರದ ಚಪ್ಲಿ ಕೈಯಾಗ ಹಿಡಕೊಂಡು ಭಾಳ ನ್ಯಾಯದ ಮಾತು ಆಡಿದಂಗ ಅಂದ: "ಆಯಿ, ಹಾವು ಬಂದಾಗ ನಂದು, ಚಪ್ಲಿ ಹೋದಾಗ ನಿಂದು. ಹಂಚಿಕೊಂಡು ಸಾಕೂಣು."

೨. ಗ್ವಾಡಿ ಆಚಿಗಿನ ಮಾತು

ಡ್ರೈವರ ಹೆಂಡತಿ ಐದೂ ಹೊತ್ತು ನಮಾಜ ಮಾಡಾಕಿ. ನಾಯಿ ಒಳಗ ಬರಬಾರದು. ಕರಿಯಾಗೂ ಅದು ತಿಳಿದಿತ್ತು. ಆಕಿ ಹೊಸ್ತಿಲ ಹತ್ತರ ಮೂಗ ಇಟ್ಟು ಮಲಗತಿತ್ತು. ಮೂಗು ಆಚೆ, ಹೊಸ್ತಿಲ ಈಚೆ, ನಡುವ ಒಂದು ಬಟ್ಟು. ಆ ಒಂದು ಬಟ್ಟು ಎಂದೂ ದಾಟಲಿಲ್ಲ. ನಮ್ಮ ಗೌಂಡಿಗೆ ಅಷ್ಟು ತಿಳವಳಿಕಿ ಇಲ್ಲ, ಕೆಸರುಗಾಲಿಲೆ ಸೀದಾ ನನ್ನ ಅಡಗಿ ಮನಿಗೆ ಬರತಾನ.

ಗಂಡ ವಾರವೆಲ್ಲಾ ಇಲ್ಲ, ಆಕಿಗೆ ಮಾತಾಡಾಕ ಯಾರು? ಒಲಿ ಮುಂದ ಕುಂತು ರೊಟ್ಟಿ ಬಡಕೊಂತ ಬಾಗಲದಾಗಿನ ನಾಯಿ ಮುಂದ ಎಲ್ಲಾ ಹೇಳತಿದ್ಲು. ಅತ್ತಿ ಊರಿಂದ ಫೋನ್ ಮಾಡಿ ಏನಂದ್ಲು, ನಾದಿನಿ ಯಾರ ಕೂಡ ಸಿನಿಮಾಕ್ಕ ಹೋಗಿದ್ಲು, ಗಂಡನ ಅಂಗಿ ಕಿಸೇದಾಗ ಯಾರ ಬಾಚಣಿಕಿ ಸಿಕ್ಕಿತು. ನಡುವಿನ ಗ್ವಾಡಿ ತೆಳ್ಳಂದು. ನನ್ನ ಕಾಟು ಆ ಗ್ವಾಡಿಗೇ ಹತ್ತಿ ಇತ್ತು. ಅದು ನನ್ನ ತಪ್ಪಲ್ಲ, ಖೋಲಿ ಸಣ್ಣದು. ಹೇಳಿ ಮುಗಿಸಿದ ಮ್ಯಾಲ ಆಕಿ ಮನಸು ಹಗರ ಆಗತಿತ್ತು, ಕರಿಯಾಗ ಬಿಸಿ ರೊಟ್ಟಿ ಸಿಗತಿತ್ತು, ನನಗ ಸುದ್ದಿ ಸಿಗತಿತ್ತು. ಮೂರೂ ಮಂದಿಗೆ ಲಾಭ. ಇದಕ್ಕಿಂತ ಚಲೋ ವ್ಯವಸ್ಥಾ ಸರಕಾರನೂ ಮಾಡೂದಿಲ್ಲ.

ಒಂದಿನ ಆಕಿ ಸಂಕಟದಿಂದ ಅಂತಿದ್ಲು: "ಕರಿಯಾ, ಆ ಬಾಚಣಿಕಿ ಮಾತು ನಿನ್ನ ಮುಂದ ಅಷ್ಟ ಹೇಳೇನಿ. ಬಾವಿ ಕಟ್ಟಿ ಮ್ಯಾಲ ಎಲ್ಲಾರಿಗೂ ಹೆಂಗ ಗೊತ್ತಾತೋ? ನೀನ ಹೇಳಿದೇನು?"

ನನಗ ತಡಕೊಳ್ಳಾಕ ಆಗಲಿಲ್ಲ. ಮೂಕ ಪ್ರಾಣಿ ಮ್ಯಾಲ ಸುಳ್ಳು ಆಪಾದನಿ! ಗ್ವಾಡಿಗೆ ಬಾಯಿ ಹಚ್ಚಿ ಒದರಿದೆ: "ಏ ಹುಡುಗಿ, ನಾಯಿಗೆ ಯಾಕ ಅಂತೀ? ಅದು ಖರೇನ ಬಾಯಿ ಬಿಟ್ಟಿಲ್ಲ!"

ಎಂಟು ದಿನಾ ಆಕಿ ನನ್ನ ಕೂಡ ಮಾತು ಬಿಟ್ಲು. ನಾಯಿ ಪರವಾಗಿ ನಿಂತವರಿಗೆ ಸಿಗೂ ಬಹುಮಾನ ಇದು.

೩. ಬೋರ್ಡು ಅದಕ್ಕ, ಕೆಲಸ ಇದಕ್ಕ

ಮಾಲಕಿಣಿಗೂ ಒಂದು ನಾಯಿ ಇತ್ತು. ಪಣಜಿಯಿಂದ ತಂದದ್ದು, ಬೆಳ್ಳಗ, ಹತ್ತಿ ಉಂಡಿ ಹಂಗ. ಸೋಫಾದ ಮ್ಯಾಲ ಮಲಗತಿತ್ತು, ಬಿಸ್ಕೀಟು ತಿಂತಿತ್ತು, ವಾರಕ್ಕೊಮ್ಮೆ ಶಾಂಪೂ ಹಾಕಿ ಎರಕೊಳ್ಳತಿತ್ತು. ಗೇಟಿಗೆ ಒಂದು ಬೋರ್ಡು ಹಾಕಿದ್ಲು. ಏನು ಬರದೈತಿ ಅಂತ ಕೇಳಿದೆ. "ನಾಯಿ ಐತಿ, ಜೋಪಾನ" ಅಂದ್ಲು. ಆ ಹತ್ತಿ ಉಂಡಿಗೆ ಅಂಜಿ ಯಾರು ಜೋಪಾನ ಆಗಬೇಕು? ತೆಂಗಿನಕಾಯಿ ಬಿದ್ದ ಸಪ್ಪಳಕ್ಕ ಅದು ನನ್ನ ಸೀರಿ ನಿರಿಗಿ ಒಳಗ ಹೊಗತಿತ್ತು. ಬೋರ್ಡಿನ ಕೆಳಗ ಹಗಲೂ ರಾತ್ರಿ ಕುಂದರತಿದ್ದಾಂವ ನಮ್ಮ ಕರಿಯಾ. ಬೋರ್ಡು ಅದಕ್ಕ, ಕೆಲಸ ಇದಕ್ಕ, ಬಿಸ್ಕೀಟು ಮತ್ತ ಅದಕ್ಕ.

ಮಾಲಕಿಣಿ ಗಂಡಗ ನಾವು ಪಾತ್ರಾಂವ ಅಂತಿದ್ವಿ. ಗೋವಾದಾಗ ಮಾಲಕರಿಗೆ ಹಂಗ ಅಂತಾರ. ಅವರಿಗೆ ಬಿಪಿ ಏರಿತ್ತು. ಡಾಕ್ಟರು ಕಡ್ಡಾಯ ಮಾಡಿದ್ರು: ಉಪ್ಪು ಕಮ್ಮಿ, ಹಂದಿ ಮಾಂಸ ಬಂದ್, ಗಂಜಿ ಉಣ್ಣಬೇಕು, ದಿನಾ ಸಂಜಿ ನಾಯಿ ಕರಕೊಂಡು ಅಡ್ಡಾಡಬೇಕು. ಪಾತ್ರಾಂವ ಬಿಳಿ ನಾಯಿಗೆ ಪಟ್ಟಾ ಹಾಕಿ ಹೊಂಟ್ರ ಅದು ತಿರುವಿಗೇ ದಣದು ಕೂಡತಿತ್ತು. ಆಗ ಅವರು ಅದನ್ನ ಎತಗೊಂಡು ಚಹಾದಂಗಡಿ ಬೆಂಚಿನ ಮ್ಯಾಲ ಕುಂದರತಿದ್ರು. ಹಿಂದ ಹೋದ ಕರಿಯಾ ತಾನೊಂದ ಊರ ಅಂಚಿನ ತನಕ ಹೋಗಿ, ವಾಪಸ ಬಂದು, ಅವರನ್ನ ಮನಿಗೆ ಕರಕೊಂಡು ಬರತಿತ್ತು.

ಮೂರು ತಿಂಗಳಾದ ಮ್ಯಾಲ ಪಾತ್ರಾಂವಂದು ಬಿಪಿ ಹಂಗ ಇತ್ತು. ಆ ಸಂಜಿ ಅಡ್ಡಾಟದಿಂದ ಕರಿಯಾಂದು ಮೈ ಮಾತ್ರ ಕುಸ್ತಿ ಪೈಲವಾನನ ಹಂಗ ಆಗಿತ್ತು.

ಆದ್ರ ಒಂದು ಮಾತು ಹೇಳಬೇಕು. ಪಾತ್ರಾಂವ ದಿನಾ ಮಧ್ಯಾಹ್ನ ಮಾಲಕಿಣಿ ಮಲಗಿದಾಗ ತೆಂಗಿನಕಾಯಿ ನೋಡಾಕ ಅಂತ ಹಿತ್ತಲಕ್ಕ ಬರತಿದ್ರು. ಕರಿಯಾ ಓಡಿ ಅವರ ಹಿಂದ ಹೋಗತಿತ್ತು. ಇಬ್ಬರೂ ಹುಲ್ಲಿನ ಬಣಿವಿ ಆಚೆ ಒಂದು ತಾಸು. ತಿರುಗಿ ಬರುವಾಗ ಅವರು ನಾಯಿ ತಲಿ ಸವರಿಕೊಂತ ಬರತಿದ್ರು. "ನೋಡ್ರಿ, ಎಂಥಾ ಕರುಣಾ! ದೇವರಂಥಾ ಮನಷ್ಯಾ" ಅಂತ ನಾ ಬಾವಿ ಕಟ್ಟಿ ಮ್ಯಾಲ ಕುಂತು ಎಲ್ಲಾರ ಮುಂದ ಹೊಗಳೇನಿ. ಆ ಮಾತು ನೆನಸಿಕೊಂಡ್ರ ಈಗೂ ನನ್ನ ನಾಲಿಗೆ ಕಡಕೊಳ್ಳಬೇಕು ಅನ್ನಿಸತೈತಿ.

೪. ಗಣಿ ಧೂಳು

ಮೇ ತಿಂಗಳ ಬಿಸಲಿಗೆ ಮಾಲಕಿಣಿ ಚೊರಿಸ ಕಟ್ಟತಿದ್ಲು. ನಾ ತಿನ್ನಾಕಿ ಅಲ್ಲ, ನೋಡಿದ್ದು ಹೇಳತೇನಿ. ಹಂದಿ ಮಾಂಸಕ್ಕ ಕೆಂಪು ಖಾರ, ಬಳ್ಳೊಳ್ಳಿ, ಶಿರ್ಕಾ ಅನ್ನೂ ಹುಳಿ ನೀರು ಹಾಕಿ ಕರಳಿನ್ಯಾಗ ತುಂಬಿ, ಬಟ್ಟಿಗೊಂದು ದಾರದ ಗಂಟು ಹಾಕತಾರ. ಥೇಟ್ ಅವರ ಜಪಮಾಲಿ ಹಂಗ ಕಾಣತೈತಿ. ಹಿತ್ತಲದಾಗ ಬಿದಿರಿಗೆ ಜೋತು ಹಾಕಿ ಒಣಸತಾರ, ಮಳಿಗಾಲಕ್ಕ ಇಡತಾರ.

ಆ ವರ್ಷ ಸರಗಳು ಒಂದೊಂದ ಮಾಯ ಆಗಾಕ ಹತ್ತಿದವು. ನಾಕನೇ ಸರ ಹೋದ ದಿನಾ ಮಾಲಕಿಣಿ ಸೀದಾ ನನ್ನ ಬಾಗಲಕ್ಕ ಬಂದ್ಲು. ಕರಿಯಾಂದು ಮೂತಿ ಕೆಂಪಗ ಇತ್ತು.

"ಕಳ್ಳ ಸಿಕ್ಕ!" ಅಂದ್ಲು. ಕೊಂಕಣಿಯೊಳಗ ಅಂದದ್ದು, ನಾ ಕನ್ನಡದಾಗ ಹೇಳಾಕತ್ತೇನಿ. ಕೊಂಕಣಿಯೊಳಗ ಇನ್ನೂ ಖಾರ ಇತ್ತು.

ನಾ ಬಿಡತೇನೇನು? "ಬಾಯಾರ, ಆ ಬಿದಿರು ನನ್ನ ತಲಿಗಿಂತ ಮ್ಯಾಲೈತಿ. ನಾಯಿ ಏಣಿ ಹಚ್ಚಿ ಏರಿತೇನು? ದಾರ ನೋಡ್ರಿ, ಚಾಕುಲೆ ಕೊಯ್ದಂಗ ಐತಿ. ನಾಯಿ ಕೈಯಾಗ ಚಾಕು ಯಾರು ಕೊಟ್ರು?"

"ಮತ್ತ ಮೂತಿ ಯಾಕ ಕೆಂಪಗೈತಿ?"

"ಅದು ಗಣಿ ಧೂಳರಿ. ಡ್ರೈವರ ಉಸಗಾಂವದಿಂದ ಬಂದಾನ, ಟ್ರಕ್ಕಿನ ಗಾಲಿ ಹತ್ತರ ಮಲಗಿತ್ತು."

"ಗಣಿ ಧೂಳು? ಮೂಸಿ ನೋಡು."

ಎಲ್ಲಾರ ಮುಂದ ಬಗ್ಗಿ ಮೂಸಿದೆ. ಏನ ಹೇಳಲಿ. ಅಷ್ಟು ಬಳ್ಳೊಳ್ಳಿ ಉಸಗಾಂವದ ಯಾವ ಗಣಿಯಾಗೂ ಸಿಕ್ಕಿರಾಕಿಲ್ಲ.

ಆಗ ಹುಕುಂ ಆತು. ಬರೂ ರವಿವಾರ ಸಂಜಿ ಗೇಟಿನ ಹತ್ತರ ಶಿಲುಬಿ ಮುಂದ ಪ್ರಾರ್ಥನಿ. ವರ್ಷಕ್ಕೊಮ್ಮೆ ಓಣಿ ಮಂದಿಯೆಲ್ಲಾ ಕೂಡತಾರ, ಅದಕ್ಕ ಲದೀನ ಅಂತಾರ. ಅಷ್ಟರೊಳಗ ನಾಯಿ ಕಾಣಬಾರದು. ಕಂಡ್ರ ನಾ ಖೋಲಿ ಖಾಲಿ ಮಾಡಬೇಕು. ಹದಿನೆಂಟು ವರ್ಷ ಇದ್ದ ಖೋಲಿ! ಗೌಂಡಿ ಕಡೆ ನೋಡಿದೆ. ನಾಗರಹಾವಿನ ಗೌಂಡಿ! ಅವ ಚಪ್ಲಿ ನೋಡಿಕೊಂತ ನಿಂತಿದ್ದ. ಡ್ರೈವರ ಹೆಂಡತಿ ಕಣ್ಣ ಒರಸಿಕೊಂಡು ಒಳಗ ಹೋದ್ಲು. ಪಾತ್ರಾಂವ ಅಷ್ಟ ಮುಂದ ಬಂದು "ಪಾಪ, ಮೂಕ ಪ್ರಾಣಿ. ಹೊಡಿಬ್ಯಾಡ್ರಿ, ಹಗೂರ ಒಯ್ದು ಬಿಟ್ಟ ಬರ್ರಿ" ಅಂದ್ರು.

ನಾಯಿ ತುಂಬಾಕ ಸಿಮೆಂಟ ಚೀಲ ತಂದು ಕೊಟ್ಟವರೂ ಅವರ. ತೊಳದು, ಒಣಗಿಸಿ, ಮಡಿಕಿ ಮಾಡಿ ತಂದಿದ್ರು.

೫. ನದಿ ದಾಟಿಸಿದ್ದು

ಈ ಕಡೆ ಬ್ಯಾಡಾದ ನಾಯಿ ಬೆಕ್ಕು ನದಿ ದಾಟಿಸಿ ಬಿಡತಾರ. ನೀರು ನಡುವ ಇದ್ರ ತಿರುಗಿ ಬರೂದಿಲ್ಲ ಅಂತ ಮಂದಿ ನಂಬಿಕಿ. ರವಿವಾರ ಮುಂಜಾನಿ ಡ್ರೈವರ, ಗೌಂಡಿ ಇಬ್ಬರೂ ಕರಿಯಾನ್ನ ಚೀಲದಾಗ ಕುಂದರಿಸಿಕೊಂಡು, ತಲಿ ಅಷ್ಟ ಹೊರಗ ಬಿಟ್ಟು, ಮೋಟಾರಸೈಕಲ್ಲಿನ ಮ್ಯಾಲ ಹೊಂಟ್ರು.

"ಅಮ್ಮಾ, ನೀವು ಖೋಲಿ ಬಿಟ್ಟು ಎಲ್ಲಿಗೆ ಹೋಗತೀರಿ? ನಾಯಿ ಎಲ್ಲಿದ್ರೂ ಬದಕತೈತಿ" ಅಂದ ಡ್ರೈವರ. ನಾ ಒಂದು ರೊಟ್ಟಿ ಕಟ್ಟಿ ಕೊಟ್ಟು ಒಳಗ ಬಂದೆ. ನಾ ಅತ್ತೆ ಅಂತ ಬರಿಯೂದಿಲ್ಲ. ಒಲಿ ಹೊಗಿ ಇತ್ತು.

ಮುಂದಿನದು ಓಣಿಗೆ ಬರೂ ಮೀನ ಮಾರಾಕಿ ಹೇಳಿದ್ದು. ಆಕಿ ಹೋಗುವಾಗ, ಬರುವಾಗ ಎರಡೂ ಸಲ ಆ ಫೇರಿ ದೋಣಿಯೊಳಗ ಇದ್ಲು. ಹಳೇ ಗೋವಾ ಧಕ್ಕಿಯಿಂದ ದಾಟಿ ಆಚಿ ದಂಡಿಗೆ ಕರಿಯಾನ್ನ ಇಳಿಸಿದ್ರಂತ. ಇಳಿಸಿದ ಮ್ಯಾಲ ಇಬ್ಬರೂ ದುಃಖ ಅಂತ ಹೇಳಿ ಮಗ್ಗಲಿನ ಬಾರಿನ್ಯಾಗ ಕುಂತ್ರು. ಒಂದು ಬಾಟಲಿ ಆತು, ಗೌಂಡಿ ಹಾವಿನ ಕಥಿ ಹೇಳಿ ಅತ್ತ. ಡ್ರೈವರ ಸೋಡಾ ಕುಡದೇ ಅತ್ತ.

ಅಷ್ಟರಾಗ ಫೇರಿ ವಾಪಸ ಹೊಂಟಿತು. ಹಲಗಿ ಇಳಿಸಿದ್ರು, ಮಂದಿ ಏರಿದ್ರು, ಮಂದಿ ನಡುವ ಕರಿಯಾನೂ ಏರಿತು. ಮುಂದ ಹೋಗಿ ಗಾಳಿಗೆ ಮಾರಿ ಮಾಡಿ ಕುಂತಿತು. ಯಾರೂ ಟಿಕೇಟು ಕೇಳಲಿಲ್ಲ. ಫೇರಿಯೊಳಗ ಕಾಲ್ನಡಿಗೀಲೆ ಬಂದವರಿಗೆ ಟಿಕೇಟಿಲ್ಲ. ಈ ಕಡೆ ದಂಡಿ ಬಂದ ಕೂಡಲೆ ಎಲ್ಲಾರಿಗಿಂತ ಮೊದಲು ಇಳದು ಕೊರ್ಲಿಮ್ ಹಾದಿ ಹಿಡೀತು. ಇವರಿಬ್ಬರದು ಗಾಡಿ ಇತ್ತಲ್ಲಾ, ಗಾಡಿಗಳ ಸಾಲಿನ್ಯಾಗ ಎರಡು ಫೇರಿ ತಪ್ಪಿದವು.

ಮೂರು ಗಂಟೆಕ್ಕ ಇಬ್ಬರೂ ಬಂದ್ರು. ಗೌಂಡಿ ನನ್ನ ಬಾಗಲದಾಗ ಕುಸದು ಕುಂತ. "ಆಯಿ, ನನ್ನ ಕ್ಷಮಾ ಮಾಡು. ಹೋಗುವಾಗ ಹೆಂಗ ನೋಡತಿತ್ತು ಗೊತ್ತೇನು? ಇನ್ನ ಈ ಜಲಮದಾಗ ಅದರ ಮಾರಿ ನಾವು ನೋಡೂದಿಲ್ಲ."

ಕಾಟಿನ ಕೆಳಗ ಎರಡು ತಾಸಿಂದ ಮಲಗಿದ್ದ ಕರಿಯಾ ಹೊರಗ ಬಂದು ಅವನ ಕಣ್ಣೀರು ನೆಕ್ಕಿತು.

೬. ಶಿಲುಬಿ ಮುಂದ

ನಾ, ಗೌಂಡಿ, ಡ್ರೈವರ ಮೂವರೂ ಬಾಗಲಾ ಹಾಕಿಕೊಂಡು ಕುಂತ್ವಿ. ಮಾಲಕಿಣಿ ಕಣ್ಣಿಗೆ ಬಿದ್ರ ನನ್ನ ಗಂಟುಮೂಟಿ ರಸ್ತೇಕ್ಕ. ಮಂದಿ ಹೋಗೂ ತನಕ ಅಡಗಿಸಿ ಇಡೂಣು, ನಾಳೆ ಡ್ರೈವರ ಟ್ರಕ್ಕಿನ್ಯಾಗ ಉಸಗಾಂವಕ್ಕ ಒಯ್ಯಲಿ ಅಂತ ಮಾತಾತು. ಜಳಕದ ಖೋಲಿಯೊಳಗ ಹಾಕಿ ಗೌಂಡಿ ಅದರ ಕುತ್ತಿಗಿಗೆ ದಾರ ಬಿಗದು ಬಾಗಲಕ್ಕ ಕಟ್ಟಿದ. ಗೌಂಡಿ ಕಟ್ಟಿದ್ದು ಯಾವುದು ಗಟ್ಟಿ ಉಳದೈತಿ? ಗ್ವಾಡಿನ ಉಳಿಯೂದಿಲ್ಲ.

ಸಂಜಿ ಆತು. ಶಿಲುಬಿಗೆ ಹೂವಿನ ಮಾಲಿ, ಸುತ್ತ ಮೇಣಬತ್ತಿ. ಓಣಿ ಮಂದಿಯೆಲ್ಲಾ ಬಂದಿದ್ರು, ನಾವೂ ಹಿಂದ ನಿಂತಿದ್ವಿ. ಮುಗದ ಮ್ಯಾಲ ಬೇಯಿಸಿದ ಕಡಲಿ ಕೊಡತಾರ. ಪಿಟೀಲು ಬಾರಿಸಾಂವ ಶುರು ಮಾಡಿದ. ಮುಂದಿನ ಸಾಲಿನ್ಯಾಗ ಮಾಲಕಿಣಿ, ಆಕಿ ಮಗ್ಗಲ ಕೋಟು ಹಾಕಿಕೊಂಡು ಪಾತ್ರಾಂವ, ಕಾಲಾಗ ಬಿಳಿ ನಾಯಿ. ಪಾತ್ರಾಂವನ ಮಾರಿ ನೋಡಬೇಕಿತ್ತು. ಸಾಧು ಸಂತರದು ಹಂಗ ಇತ್ತು.

ಅರ್ಧ ಹಾಡು ಆಗಿತ್ತು. ಹಿಂದಿಂದ ಕರಿಯಾ ಬಂತು. ಕುತ್ತಿಗ್ಯಾಗ ಗೌಂಡಿ ದಾರ ಜೋತಾಡತಿತ್ತು. ಮಂದಿ ಸರದು ಹಾದಿ ಕೊಟ್ರು. ಹಾಡು ನಡುವ ನಿಲ್ಲಿಸಾಕ ಬರೂದಿಲ್ಲ. ಮಾಲಕಿಣಿ ಬಾಯಿ ದೇವರ ಹಾಡು ಹಾಡತಿತ್ತು, ಕಣ್ಣು ನನ್ನ ಗಂಟುಮೂಟಿ ಕಟ್ಟತಿತ್ತು. ಡ್ರೈವರ ಹೆಂಡತಿ ನನ್ನ ಕೈ ಗಟ್ಟಿ ಹಿಡದ್ಲು. ಹೋತು, ನನ್ನ ಖೋಲಿ ಹೋತು ಅಂದುಕೊಂಡೆ.

ಕರಿಯಾ ನನ್ನ ಕಡೆ ನೋಡಲೂ ಇಲ್ಲ. ಸೀದಾ ಹೋಗಿ ಪಾತ್ರಾಂವನ ಮುಂದ ಕುಂತಿತು. ಕುಂತು, ಬಲಗಾಲು ಎತ್ತಿ ಅವರ ತೊಡಿ ಮ್ಯಾಲ ಇಟ್ಟಿತು. ದಿನಾ ಮಾಡಿ ರೂಢಿ ಇದ್ದವರ ಹಂಗ.

ಪಾತ್ರಾಂವ ಹಾಡಿನ ರಾಗದಾಗ "ಹಟ್... ಹಟ್..." ಅಂದ್ರು. ಅದು ಇನ್ನಷ್ಟು ಸನೇಕ ಸರೀತು. ಕಾಲಾಗಿದ್ದ ಬಿಳಿ ನಾಯಿನೂ ಎದ್ದು, ಕರಿಯಾನ ಮಗ್ಗಲ ಸಾಲಾಗಿ ಕುಂತು, ತಂದೂ ಬಲಗಾಲು ಎತ್ತಿತು! ಪಾತ್ರಾಂವ ಎರಡೂ ಕೈಲೆ ಕೋಟಿನ ಕಿಸೆ ಮುಚ್ಚಿಕೊಂಡ್ರು. ಕರಿಯಾಗ ಅದು ಆಟ ಅನಿಸಿತೋ ಏನೋ, ಮೂತಿ ತೂರಿಸಿ ಬಾಯಾಗ ಹಿಡದು ಜಗ್ಗಿತು.

ಒಂದು ಮಣಿ ಬಂತು. ಎರಡು ಬಂದವು. ಮೂರು, ನಾಕು. ಹಿಂದ ನಿಂತ ಒಬ್ಬ ಮುದುಕಿ ಜಪಮಾಲಿನ ಅಂತ ತಿಳಿದು ತಲಿಗೆ ಸೆರಗು ಹಾಕಿಕೊಂಡ್ಲು. ಐದು, ಆರು, ಕೆಂಪಗ, ಬಳ್ಳೊಳ್ಳಿ ವಾಸನಿ ಹೊಡಕೊಂತ ಮಾರುದ್ದದ ಚೊರಿಸ ಸರ ಕಿಸೇದಾಗಿಂದ ಬಂತು, ಅದರ ಹಿಂದ ಒಂದು ಸಣ್ಣ ಚಾಕು ಟಣ್ ಅಂತ ಶಿಲುಬಿ ಕಟ್ಟಿ ಮ್ಯಾಲ ಬಿತ್ತು.

ಪಿಟೀಲು ನಿಂತಿತು.

"ಸಾಯ್ಬಾ!" ಅಂದ್ಲು ಮಾಲಕಿಣಿ. ಕೊಂಕಣಿಯೊಳಗ ಅದು ಒಡೆಯಾ ಅಂದಂಗ, ದೇವರಿಗೆ ಅಂದದ್ದೋ ಗಂಡಗ ಅಂದದ್ದೋ ಗೊತ್ತಾಗಲಿಲ್ಲ.

ಪಾತ್ರಾಂವ ಚೊರಿಸ ನೋಡಿದ್ರು, ನಾಯಿ ನೋಡಿದ್ರು. "ಇದು... ನಾಯೀದು" ಅಂದ್ರು.

ಆಮ್ಯಾಲ ಎಲ್ಲಾ ಹೊರಗ ಬಂತು. ದಿನಾ ಮಧ್ಯಾಹ್ನ ಹುಲ್ಲಿನ ಬಣಿವಿ ಆಚೆ ಇವರು ಕೊಯ್ಯೂದು, ಕಾಯಿಸಿ ತಿನ್ನೂದು, ನಾಯಿ ಬೊಗಳಬಾರದಂತ ಅದಕ್ಕೊಂದು ಮಣಿ, ಬಿಳೇದು ಚಾಡಿ ಹೇಳಬಾರದಂತ ಅದಕ್ಕೊಂದು. ನಾಯಿ ಹೋದ ಮ್ಯಾಲ ಆಪಾದನಿ ಹೊರಾಕ ಯಾರೂ ಇರೂದಿಲ್ಲ, ಇದ ಕಡೀ ದಿನಾ ಅಂತ ಆವತ್ತು ಇಡೀ ಸರಾನ ಕಿಸೇದಾಗ ಇಳಿಸಿದ್ರಂತ. ಚೀಲ ಒಗದು ಕೊಟ್ಟ ಕೈ ಅದು, ನೆನಪಿರಲಿ!

ಗೌಂಡಿ ಎಲ್ಲಾರಿಗಿಂತ ಮುಂದ ಬಂದು ಎದಿ ಬಡಕೊಂಡ. "ನಾ ಮೊದಲ ಹೇಳಿದ್ನಿ! ನಮ್ಮ ನಾಯಿ ಅಂಥಾದ್ದಲ್ಲ!"

ಮಾಲಕಿಣಿ ಗಂಡಗ ಅನ್ನೂದನ್ನೆಲ್ಲಾ ಮಂದಿ ಹೋಗಲಿ ಅಂತ ತಡದಿದ್ಲು. ಕರಿಯಾನ ಕುತ್ತಿಗಿ ದಾರ ತನ್ನ ಕೈಯಾರೆ ಬಿಚ್ಚಿದ್ಲು. ಮರುದಿನದಿಂದ ಪಾತ್ರಾಂವ ಎಲ್ಲಿ ಹೋದ್ರೂ ಹಿಂದ ಕರಿಯಾ ಇರಬೇಕು ಅಂತ ಹೊಸಾ ಹುಕುಂ ಆತು. ನನ್ನ ಖೋಲಿ ನನಗ ಉಳೀತು.

ಆದ್ರ ನನ್ನ ಸಿಟ್ಟು ಮಾತ್ರ ಇಳೀಲಿಲ್ಲ. ಪಾತ್ರಾಂವನ ಮ್ಯಾಲಿಂದಲ್ಲ, ಗೌಂಡಿ ಮ್ಯಾಲಿಂದೂ ಅಲ್ಲ. ಕರಿಯಾನ ಮ್ಯಾಲಿಂದು! ಎರಡು ವರ್ಷ ನನ್ನ ಕೈಯಾನ ರೊಟ್ಟಿ ತಿಂದೈತಿ. ನನ್ನ ಕಾಟಿನ ಕೆಳಗ ಮಲಗೇತಿ. ಓಣಿಯೊಳಗಿನ ಎಲ್ಲಾಕಿಂತ ದೊಡ್ಡ ಸುದ್ದಿ, ಬಂಗಲೆ ಒಳಗಿನ ಸುದ್ದಿ, ದಿನಾ ಮಧ್ಯಾಹ್ನ ಕಣ್ಣಾರೆ ನೋಡಿ ಬರತಿತ್ತು. ಬಂದು ನನ್ನ ಮುಂದ ಕುಂತು, ಬಾಲಾ ಅಳ್ಳಾಡಿಸಿ, ಇಡೀ ಓಣಿ ಮಂದಿಗೆ ಒಮ್ಮೆಲೆ ಹೇಳೂ ತನಕ ನನಗ ಒಂದು ಸುಳಿವು ಕೊಡಲಿಲ್ಲ!